ಹತ್ತು ಜನ ಸೇರಿದರೆ ಆಟ

ಕೂತಲ್ಲೇ ದಿನ ಕಳೆಯುವವರನ್ನು ಎಬ್ಬಿಸಲು ಬುದ್ಧಿವಾದ ಸಾಲದು, ಅವರಿಗಾಗಿ ಯಾರಾದರೂ ಕಾಯುತ್ತಿರಬೇಕು. ಬಡಾವಣೆಗಳ ಬಾಲ್ ಬ್ಯಾಡ್ಮಿಂಟನ್ ಕ್ಲಬ್ಬುಗಳ ಮೇಲೆ ನನಗೆ ಭರವಸೆ ಇರುವುದು ಇದಕ್ಕೇ. ಫೈವ್ಸ್ ಆಟಕ್ಕೆ ಒಂದೊಂದು ಕಡೆಗೆ ಐವರಂತೆ ಹತ್ತು ಜನ ಬೇಕು. ಒಬ್ಬರು ಕಡಿಮೆಯಾದರೂ ಬೆಳಿಗ್ಗೆಯೇ ಫೋನ್ ಬರುತ್ತದೆ: ‘ಸಾರ್, ಎಲ್ಲಿದ್ದೀರಿ? ನಿಮಗೋಸ್ಕರ ಕಾಯ್ತಾ ಇದೀವಿ.’ ಜಿಮ್ಮಿಗೆ ವರ್ಷದ ಹಣ ಕಟ್ಟಿ ಎರಡೇ ತಿಂಗಳಿಗೆ ಬಿಟ್ಟವರೂ ಈ ಕರೆಗೆ ಎದ್ದು ಬರುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯ ಮೈಗೆ ಸಾಕಷ್ಟು ಚಟುವಟಿಕೆ ಇಲ್ಲ. ಹೆಂಗಸರಲ್ಲಿ ಈ ಕೊರತೆ ಇನ್ನೂ ಹೆಚ್ಚು. ಬೇಕಾದದ್ದು ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ: ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು. ವಾರಕ್ಕೆ ಮೂರು ದಿನ 50 ನಿಮಿಷ ಆಡಿದರೆ ಲೆಕ್ಕ ಸರಿಹೋಗುತ್ತದೆ.

ತಂಜಾವೂರಿನಲ್ಲಿ ಹುಟ್ಟಿ ದಕ್ಷಿಣದ ಊರೂರಿಗೆ ಹಬ್ಬಿದ ಈ ಆಟ ಹೊಸಬರಿಗೆ ಹೇಳಿಮಾಡಿಸಿದಂತಿದೆ. ಫೈವ್ಸ್ ಅಂಕಣ 24 ಮೀಟರ್ ಉದ್ದ, 12 ಮೀಟರ್ ಅಗಲ. ಅರ್ಧ ಅಂಕಣವನ್ನು ಐವರು ಹಂಚಿಕೊಳ್ಳುವುದರಿಂದ ಒಬ್ಬರ ಪಾಲಿಗೆ ಬರುವುದು ನಾಲ್ಕಾರು ಹೆಜ್ಜೆಯ ಜಾಗ. ಹಳದಿ ಉಣ್ಣೆಯ ಚೆಂಡು 30 ಗ್ರಾಂ ಮೀರುವುದಿಲ್ಲ. ಆದರೆ ಅದು ನೆಲ ಮುಟ್ಟುವ ಮೊದಲೇ ಹೊಡೆಯಬೇಕು. ಮಂಡಿ ತುಸು ಬಾಗಿಸಿ, ಮುಂಗಾಲಿನ ಮೇಲೆ ಭಾರ ಹಾಕಿ, ಚೆಂಡಿನ ಮೇಲೇ ಕಣ್ಣಿಟ್ಟು ನಿಲ್ಲದೆ ಗತ್ಯಂತರವಿಲ್ಲ. ವ್ಯಾಯಾಮ ಮಾಡುತ್ತಿದ್ದೇವೆಂಬುದೇ ಮರೆತುಹೋಗಿ, 35 ಪಾಯಿಂಟಿನ ಗೇಮ್ ಮುಗಿಯುವಷ್ಟರಲ್ಲಿ ಬನಿಯನ್ ತೊಯ್ದಿರುತ್ತದೆ.

ಆದರೆ ಕ್ಲಬ್ಬುಗಳು ಬಾಗಿಲು ಇನ್ನಷ್ಟು ತೆರೆಯಬೇಕು. ಎಲ್ಲರನ್ನೂ ಟೂರ್ನಮೆಂಟಿನ ಕಣ್ಣಲ್ಲೇ ಅಳೆದರೆ ಹೊಸಬರು ಕಟ್ಟೆಯ ಮೇಲೆ ಕೂತು ನೋಡಿ ಮನೆಗೆ ಹೋಗುತ್ತಾರೆ, ಮತ್ತೆ ಬರುವುದಿಲ್ಲ. ಅವರನ್ನು ಮೊದಲ ದಿನವೇ ಅಂಕಣಕ್ಕಿಳಿಸಿ, ಅಕ್ಕಪಕ್ಕದಲ್ಲಿ ಪಳಗಿದ ಕೈಗಳಿರಲಿ. ಎರಡು ರಾಕೆಟ್ ಹೆಚ್ಚಿಗೆ ಇಟ್ಟಿರಿ. ಹೆಂಗಸರಿಗೆ ಯಾವ ಹೊತ್ತು ಅನುಕೂಲವೆಂದು ಅವರನ್ನೇ ಕೇಳಿ, ಆ ಹೊತ್ತು ಅಂಕಣ ಬಿಟ್ಟುಕೊಡಿ. ಹೊಡೆತ ತಪ್ಪಿದವರನ್ನು ಯಾರಾದರೂ ಗೇಲಿ ಮಾಡಿದರೆ ಹಿರಿಯರು ಅಲ್ಲೇ ತಡೆಯಲಿ.

ಹೊಸದಾಗಿ ಬರುವವರಿಗೂ ಒಂದೆರಡು ಮಾತು. ಎದೆನೋವು, ಬಿಪಿ, ಮಂಡಿನೋವು ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಚಪ್ಪಲಿಯಲ್ಲಿ ಆಡಬೇಡಿ. ಹತ್ತು ನಿಮಿಷ ಕೈಕಾಲು ಸಡಿಲಿಸಿಕೊಂಡೇ ಇಳಿಯಿರಿ. ಮೊದಮೊದಲು ದಿನಕ್ಕೆ ಒಂದೇ ಗೇಮ್ ಸಾಕು.

ಪದಾಧಿಕಾರಿಗಳಲ್ಲಿ ನನ್ನ ಕೋರಿಕೆ ಒಂದೇ. ವಾರ್ಷಿಕ ವರದಿಯಲ್ಲಿ ಗೆದ್ದ ಕಪ್ಪುಗಳ ಪಟ್ಟಿಯ ಜೊತೆಗೆ, ಆ ವರ್ಷ ಮೊದಲ ಸಲ ರಾಕೆಟ್ ಹಿಡಿದವರೆಷ್ಟು, ಅವರಲ್ಲಿ ಆರು ತಿಂಗಳಾದ ಮೇಲೂ ಬರುತ್ತಿರುವವರೆಷ್ಟು ಎಂಬುದನ್ನೂ ಬರೆಯಿರಿ. ಊರಿನ ಆರೋಗ್ಯಕ್ಕೆ ಕ್ಲಬ್ ಕೊಟ್ಟ ಕಾಣಿಕೆ ಎಷ್ಟೆಂಬುದು ಆ ಎರಡು ಅಂಕಿಗಳಲ್ಲಿ ತಿಳಿಯುತ್ತದೆ.