ಹಲಗೆಯ ಹಿಂದಣ ಕನ್ನಡ

ಬೀದರ ಜಿಲ್ಲೆಯ ಕಮಠಾಣದ ಮನೆಯಲ್ಲಿ ಕುಳಿತು ಕನ್ನಡ ಪುಸ್ತಕವೊಂದನ್ನು ನಿಶ್ಚಿಂತೆಯಿಂದ ತೆರೆದಾಗಲೆಲ್ಲ, ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಹಲಗೆಯನ್ನು ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಅಕ್ಷರಗಳನ್ನು ತಿದ್ದಿಸಿದ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ನನ್ನ ಸ್ಮೃತಿಗೆ ಬಾರದಿರರು. ಮಠದ ಅಧಿಪತಿಯಾದವರು ಪೂಜೆಗೆ ಸಲ್ಲುವಷ್ಟೇ ಶ್ರದ್ಧೆಯನ್ನು ಬಾಲಪಾಠಕ್ಕೂ ಸಲ್ಲಿಸಿದುದು, ಉರ್ದುವಿನ ಮೇಲಣ ದ್ವೇಷದಿಂದಲ್ಲ, ತಾಯ್ನುಡಿಯನ್ನು ಓದಲರಿಯದವನು ತನ್ನ ಊರಿನ ವ್ಯವಹಾರದಲ್ಲಿಯೂ ಪರಕೀಯನಾಗಿ ಉಳಿಯುವನೆಂಬ ಅರಿವಿನಿಂದ ಎಂದೇ ನಾನು ತಿಳಿದಿದ್ದೇನೆ. ಅದಕ್ಕಿಂತ ದೊಡ್ಡ ನಾಗರಿಕ ಸೇವೆಯನ್ನು ನಾನು ಕಾಣೆ.

ಗ್ರಂಥಪ್ರೀತಿ ಈ ನೆಲಕ್ಕೆ ಹೊಸತಲ್ಲ. ಬೀದರಿನಲ್ಲಿ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾದಲ್ಲಿ ಸಹಸ್ರಾರು ಹಸ್ತಪ್ರತಿಗಳ ಭಂಡಾರವಿತ್ತು. ಆದರೆ ಅದು ವಿದ್ವಾಂಸರ ಸಂಪತ್ತು. ಪಟ್ಟದ್ದೇವರದು ಒಕ್ಕಲು ಮಕ್ಕಳ ಕೈಗೆಟುಕಿದ ಸಂಪತ್ತು.

1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರಲ್ಲಿ ಬೀದರ ಮೈಸೂರು ರಾಜ್ಯವನ್ನು ಸೇರಿತು, 1960ರಲ್ಲಿ ಡಿ.ಎಲ್. ನರಸಿಂಹಾಚಾರ್ಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಬೀದರಿನಲ್ಲಿಯೇ ನೆರೆಯಿತು. ಇಂದು ಇಂತಹ ಯಾವುದೇ ಸಮ್ಮೇಳನದ ಚಪ್ಪರಕ್ಕೆ ಹೋಗುವ ಓದುಗರೆ, ಮರಳುವಾಗ ಒಂದು ಪುಸ್ತಕವನ್ನು ಕೊಂಡು ನಿಮ್ಮೂರಿನ ಶಾಲೆಗೆ ಕೊಡಿರಿ.