ಗಾಳಿಗೆ ದಾರಿ ಬಿಟ್ಟ ಪೆಟ್ಟಿಗೆ

ಸ್ವೀಡನ್ನಿನ ಫ್ರ್ಯಾಕ್ಟಲ್ ಡಿಸೈನ್ ಕಂಪನಿ 2021ರಲ್ಲಿ 'ಟೊರೆಂಟ್' ಎಂಬ ಡೆಸ್ಕ್‌ಟಾಪ್ ಕ್ಯಾಬಿನೆಟ್ಟನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ ಐದು ಫ್ಯಾನ್‌ಗಳಿದ್ದವು. ಮುಂದೆ 180 ಮಿ.ಮೀ.ನವು ಎರಡು, ತಳದಲ್ಲಿ 140 ಮಿ.ಮೀ.ನವು ಮೂರು. ಐದೂ ಹೊರಗಿನ ಗಾಳಿಯನ್ನು ಒಳಕ್ಕೆ ಎಳೆಯುವಂಥವು. ಬಿಸಿಗಾಳಿಯನ್ನು ಹೊರಗೆ ನೂಕಲು ಒಂದು ಫ್ಯಾನೂ ಇರಲಿಲ್ಲ. ನೆತ್ತಿಯ ಭಾಗ ಮುಚ್ಚಿತ್ತು, ಉಳಿದವರೆಲ್ಲ ತಳಕ್ಕೆ ಇಳಿಸಿದ್ದ ಎಸ್‌ಎಂಪಿಎಸ್ (ವಿದ್ಯುತ್ ಒದಗಿಸುವ ಘಟಕ) ಅಲ್ಲಿಗೆ ಮತ್ತೆ ಏರಿತ್ತು. ಡೆಸ್ಕ್‌ಟಾಪ್ ಜೋಡಿಸುವವರು ಪಾಠದಂತೆ ಹೇಳಿಕೊಂಡು ಬಂದ ನಿಯಮಗಳಲ್ಲಿ ಎರಡನ್ನು ಈ ವಿನ್ಯಾಸ ಒಟ್ಟಿಗೆ ಕೈಬಿಟ್ಟಿತು. ಆದರೂ ತಂಪಿನ ವಿಷಯದಲ್ಲಿ ಅದು ತನ್ನ ಕಾಲದ ಅತ್ಯುತ್ತಮ ಕ್ಯಾಬಿನೆಟ್‌ಗಳ ಸಾಲಿಗೆ ಸೇರಿತು. ಏಕೆ ಎಂದು ವಿಚಾರಿಸಿದರೆ ಫ್ಯಾನ್ ಜೋಡಣೆಯ ಬಗ್ಗೆ ನಾವು ನಂಬಿಕೊಂಡ ಎಷ್ಟೋ ಸಂಗತಿಗಳು ಅಲುಗಾಡುತ್ತವೆ.

ಮೊದಲ ನಂಬಿಕೆ, ಬಿಸಿಗಾಳಿ ಮೇಲಕ್ಕೇರುತ್ತದೆ, ಆದ್ದರಿಂದ ಅದನ್ನು ನೆತ್ತಿಯಿಂದಲೇ ಹೊರಹಾಕಬೇಕು ಎನ್ನುವುದು. ಮೇಲಕ್ಕೇರುವುದು ನಿಜ. ಆದರೆ ಎಷ್ಟು ಬಲದಿಂದ? ಅರ್ಧ ಮೀಟರ್ ಎತ್ತರದ ಪೆಟ್ಟಿಗೆಯ ಒಳಗಿನ ಗಾಳಿ ಹೊರಗಿನದಕ್ಕಿಂತ ಹತ್ತು ಡಿಗ್ರಿ ಬಿಸಿಯಾಗಿದ್ದರೆ, ಅದರಿಂದ ಹುಟ್ಟುವ ಒತ್ತಡ ಸುಮಾರು 0.2 ಪ್ಯಾಸ್ಕಲ್ ಮಾತ್ರ. ಸಾಧಾರಣ 120 ಮಿ.ಮೀ. ಫ್ಯಾನ್ ಒಡ್ಡಬಲ್ಲ ಗರಿಷ್ಠ ಒತ್ತಡ ಹತ್ತು–ಇಪ್ಪತ್ತು ಪ್ಯಾಸ್ಕಲ್. ಫ್ಯಾನ್ ತಿರುಗುತ್ತಿರುವ ತನಕ ಬಿಸಿಗಾಳಿಯ ಸ್ವಂತ ಇಚ್ಛೆಗೆ ಅಲ್ಲಿ ಬೆಲೆಯಿಲ್ಲ. ಫ್ಯಾನ್ ತೋರಿಸಿದ ಕಡೆ ಅದು ಹೋಗುತ್ತದೆ. ನೆತ್ತಿಯಲ್ಲಿ, ಅದೂ ಮುಂಭಾಗದ ಮೂಲೆಯಲ್ಲಿ, ಹೊರಕ್ಕೆ ಊದುವ ಫ್ಯಾನ್ ಹಾಕಿದರೆ ಆಗುವುದೇನೆಂದರೆ, ಮುಂದಿನಿಂದ ಈಗಷ್ಟೇ ಒಳಬಂದ ತಣ್ಣನೆಯ ಗಾಳಿ ಪ್ರೊಸೆಸರ್‌ನ ಕೂಲರ್ ತಲುಪುವ ಮೊದಲೇ ಹೊರಗೆ ಹೋಗಿಬಿಡುತ್ತದೆ. ಹೆಚ್ಚಿನ ಜೋಡಣೆಗಳಲ್ಲಿ ಆ ಫ್ಯಾನನ್ನು ಬಿಚ್ಚಿಡುವುದೇ ಸರಿ.

ಎರಡನೆಯದು ಎಣಿಕೆಯ ನಂಬಿಕೆ. ಫ್ಯಾನ್ ಹೆಚ್ಚಿದಷ್ಟೂ ಗಾಳಿ ಹೆಚ್ಚು ಎಂಬ ಲೆಕ್ಕ. 2022ರಲ್ಲಿ ಬಂದ ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡ್ ಒಂದೇ 450 ವ್ಯಾಟ್ ಶಾಖ ಹೊರಚೆಲ್ಲುತ್ತದೆ. ಪ್ರೊಸೆಸರ್ ಮತ್ತು ಉಳಿದವು ಸೇರಿ ಒಟ್ಟು 600 ವ್ಯಾಟ್ ಎಂದಿಟ್ಟುಕೊಳ್ಳೋಣ. ಒಳಬಂದ ಗಾಳಿ ಹೊರಹೋಗುವಷ್ಟರಲ್ಲಿ ಹತ್ತು ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದು ಎಂದರೆ ಪೆಟ್ಟಿಗೆಯ ಮೂಲಕ ಸೆಕೆಂಡಿಗೆ ಸುಮಾರು 50 ಲೀಟರ್ ಗಾಳಿ ಹಾಯಬೇಕು. ಸಾಧಾರಣ 120 ಮಿ.ಮೀ. ಫ್ಯಾನಿನ ಡಬ್ಬದ ಮೇಲೆ ಸೆಕೆಂಡಿಗೆ 25–30 ಲೀಟರ್‌ಗೆ ಸಮನಾದ ಅಂಕಿ ಇರುತ್ತದೆ. ಹಾಗಾದರೆ ಎರಡು ಸಾಕಲ್ಲವೇ ಎನಿಸುತ್ತದೆ. ಆದರೆ ಆ ಅಂಕಿ ಮುಂದೆ ಹಿಂದೆ ಏನೂ ಅಡ್ಡವಿಲ್ಲದಾಗಿನದು. ಫ್ಯಾನಿನ ಮುಂದೆ ಗಾಜಿನ ಹಲಗೆಯೊಂದನ್ನು ನಿಲ್ಲಿಸಿ, ಅಂಚಿನಲ್ಲಿ ಬೆರಳಗಲದ ಸಂದು ಬಿಟ್ಟರೆ ಡಬ್ಬದ ಮೇಲಿನ ಅಂಕಿಗೆ ಅರ್ಥ ಉಳಿಯುವುದಿಲ್ಲ. ಅಂಥ ಗಾಜಿನ ಹಿಂದೆ ಮೂರನೆಯ ಫ್ಯಾನ್ ಸೇರಿಸಿದರೂ ಗಾಳಿ ಬರುವ ಸಂದು ಅಷ್ಟೇ ಇರುತ್ತದೆ, ಸದ್ದು ಮಾತ್ರ ಏರುತ್ತದೆ.

ಮುಂಭಾಗ ಮುಚ್ಚಿದ ಪೆಟ್ಟಿಗೆಗಳ ಕಾಲವೊಂದಿತ್ತು. 2018ರ ಎನ್‌ಝೆಡ್‌ಎಕ್ಸ್‌ಟಿ ಎಚ್500 ಅದರ ಒಳ್ಳೆಯ ಉದಾಹರಣೆ. ನೋಡಲು ಅಚ್ಚುಕಟ್ಟು, ಕೇಬಲ್ ಎಳೆಯಲು ಅನುಕೂಲ. ಆದರೆ ಮುಖದಲ್ಲಿ ನುಣುಪಾದ ಉಕ್ಕಿನ ತಗಡು, ಗಾಳಿಗೆ ಅಂಚಿನ ಸಂದುಗಳೇ ಗತಿ. ಜೊತೆಗೆ ಕೊಟ್ಟ ಎರಡು ಫ್ಯಾನ್‌ಗಳೂ ಹೊರಕ್ಕೆ ಊದುವಂಥವು. ಒಳಗಿನ ಗಾಳಿಯನ್ನು ಹೊರಗೆಳೆದಾಗ ಆ ಜಾಗ ತುಂಬಲು ಹೊಸ ಗಾಳಿ ಸಿಕ್ಕ ಸಿಕ್ಕ ರಂಧ್ರಗಳಿಂದ ನುಗ್ಗುತ್ತದೆ, ಜೊತೆಗೆ ಧೂಳನ್ನೂ ತರುತ್ತದೆ. 2021ರಲ್ಲಿ ಅದೇ ಕಂಪನಿ ಅದೇ ಸಾಲಿನ ಮಾದರಿಯ ಮುಖಕ್ಕೆ ತೂತುಗಳನ್ನು ಕೊರೆದು ಎಚ್510 ಫ್ಲೋ ಎಂದು ಮಾರಿತು. ಚೆಲುವು ಏನೂ ಕುಂದಲಿಲ್ಲ. ಹಾಗಿದ್ದ ಮೇಲೆ ಮೊದಲೇ ಹಾಗೆ ಮಾಡಬಹುದಿತ್ತು ಎಂಬುದು ನನ್ನ ಆಕ್ಷೇಪ.

ಗಾಳಿಯ ದಾರಿಯ ಕುರಿತ ಈ ಗೊಂದಲದ ಬೇರು ಇನ್ನೂ ಹಳೆಯದು. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಮಾನದಂಡದ ಆರಂಭದ ಕಲ್ಪನೆಯಲ್ಲಿ ಎಸ್‌ಎಂಪಿಎಸ್‌ನ ಫ್ಯಾನ್ ಹೊರಗಿನ ಗಾಳಿಯನ್ನು ಎಳೆದು ಪ್ರೊಸೆಸರ್ ಮೇಲೆ ಊದಬೇಕಿತ್ತು. ಎಸ್‌ಎಂಪಿಎಸ್ ದಾಟಿ ಬಂದ ಗಾಳಿ ಆಗಲೇ ಬಿಸಿಯಾಗಿರುತ್ತಿತ್ತು. ಮುಂದೆ ದಿಕ್ಕು ತಿರುಗಿತು, ಆ ಫ್ಯಾನ್ ಹೊರಕ್ಕೆ ಊದತೊಡಗಿತು. ಮುಂದಿನ ದಶಕದಲ್ಲಿ ಇಂಟೆಲ್ ತಂದ ಬಿಟಿಎಕ್ಸ್, ಪ್ರೊಸೆಸರ್ ಮತ್ತು ಇತರ ಬಿಸಿ ಭಾಗಗಳನ್ನು ಮುಂದಿನಿಂದ ಹಿಂದಕ್ಕೆ ಒಂದೇ ಸಾಲಿನಲ್ಲಿಟ್ಟಿತು. ಯೋಚನೆ ಸರಿಯಿತ್ತು. ಕಡಿಮೆ ಶಾಖದ ಪ್ರೊಸೆಸರ್‌ಗಳು ಬರುವ ಹೊತ್ತಿಗೆ ಅದರ ಅಗತ್ಯವೇ ಕಡಿಮೆಯಾಗಿ, ಯೋಜನೆಯನ್ನು ಕೈಬಿಡಲಾಯಿತು. ನಮ್ಮ ಹಳೆಯ ಮನೆಗಳಲ್ಲಿ ಮುಂಬಾಗಿಲಿಗೆ ನೇರ ಹಿತ್ತಿಲ ಬಾಗಿಲು ಇಡುತ್ತಿದ್ದರಲ್ಲ, ಗಾಳಿಗೆ ತಿರುವು ಇರುತ್ತಿರಲಿಲ್ಲ. ಟೊರೆಂಟ್ ಮಾಡಿದ್ದು ಅದನ್ನೇ, ಎಟಿಎಕ್ಸ್ ಚೌಕಟ್ಟಿನೊಳಗೇ. ಎಸ್‌ಎಂಪಿಎಸ್ ಮೇಲಕ್ಕೆ ಹೋದದ್ದರಿಂದ ತಳ ಪೂರ್ತಿ ತೆರೆಯಿತು, ಗ್ರಾಫಿಕ್ಸ್ ಕಾರ್ಡಿಗೆ ಕೆಳಗಿನಿಂದ ನೇರ ಗಾಳಿ ಸಿಕ್ಕಿತು. ಹಿಂಭಾಗ ಜಾಲರಿಯಾದ್ದರಿಂದ, ಒಳನುಗ್ಗಿದ ಗಾಳಿಗೆ ಹೊರಹೋಗಲು ಇನ್ನೊಂದು ಫ್ಯಾನಿನ ನೆರವು ಬೇಕಾಗಲಿಲ್ಲ.

ಹಾಗೆಂದು ಇದು ದೋಷವಿಲ್ಲದ ಕೃತಿಯಲ್ಲ. ಮೇಜಿನ ಮೇಲೆ ಬಹಳ ಜಾಗ ತಿನ್ನುತ್ತದೆ. ಮುಖ ತೆರೆದಷ್ಟೂ ಗ್ರಾಫಿಕ್ಸ್ ಕಾರ್ಡಿನ ಸಿಳ್ಳು ಕಿವಿಗೆ ನೇರ ಬರುತ್ತದೆ. 180 ಮಿ.ಮೀ. ಫ್ಯಾನ್ ಕೆಟ್ಟರೆ ಬದಲಿ ಸಿಗುವುದು ಕಷ್ಟ. ದೊಡ್ಡ ಕೊರತೆ ಇನ್ನೊಂದಿದೆ: ನೆತ್ತಿ ಮುಚ್ಚಿರುವುದರಿಂದ ನೀರಿನ ಕೂಲರ್‌ನ ದೊಡ್ಡ ರೇಡಿಯೇಟರನ್ನು ಮೇಲೆ ಕೂರಿಸಲಾಗದು. ಮುಂದೆ ಕೂರಿಸಿದರೆ ಪ್ರೊಸೆಸರ್‌ನ ಶಾಖ ಹೊತ್ತ ಗಾಳಿಯೇ ಒಳಬಂದು ಗ್ರಾಫಿಕ್ಸ್ ಕಾರ್ಡನ್ನು ಮುಟ್ಟುತ್ತದೆ, ಇಡೀ ವಿನ್ಯಾಸದ ಉದ್ದೇಶವೇ ಅರ್ಧ ಕೆಡುತ್ತದೆ. ಇದು ಗಾಳಿ ಕೂಲರ್ ಬಳಸುವವರ ಪೆಟ್ಟಿಗೆ. 2022ರಲ್ಲಿ ಇದರ ಫ್ಯಾನ್ ಹಬ್ ಶಾರ್ಟ್ ಆಗುವ ಅಪಾಯವಿದೆಯೆಂದು ಕಂಪನಿಯೇ ಪ್ರಕಟಿಸಿ ಬದಲಿ ಕೊಡಬೇಕಾಯಿತು. ಬಳಸಿದ ಟೊರೆಂಟನ್ನು ಇನ್ನೊಬ್ಬರಿಂದ ಕೊಳ್ಳುವವರು ಇದನ್ನು ಕೇಳಿ ತಿಳಿಯಬೇಕು.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಜೋಡಿಸಿಕೊಳ್ಳುವವರಿಗೆ, ಗಾಳಿಯನ್ನು ಒಳಕ್ಕೇ ಹೆಚ್ಚು ಎಳೆಯುವ ಟೊರೆಂಟ್‌ನ ತತ್ವ ಇನ್ನೂ ಹೆಚ್ಚು ಮುಖ್ಯ, ಏಕೆಂದರೆ ನಮ್ಮಲ್ಲಿ ಧೂಳು ಜಾಸ್ತಿ. ಒಳಕ್ಕೆ ಎಳೆಯುವ ಗಾಳಿ ಹೊರಹಾಕುವುದಕ್ಕಿಂತ ತುಸು ಹೆಚ್ಚಿದ್ದರೆ ಪೆಟ್ಟಿಗೆಯ ಒಳಗಿನ ಒತ್ತಡ ಹೊರಗಿನದಕ್ಕಿಂತ ಮೇಲಿರುತ್ತದೆ. ಆಗ ಸಂದುಗಳಿಂದ ಗಾಳಿ ಹೊರಗೇ ಹೋಗುತ್ತದೆ, ಒಳಬರುವುದೆಲ್ಲ ಫಿಲ್ಟರ್ ಮೂಲಕವೇ ಬರುತ್ತದೆ. ಫಿಲ್ಟರನ್ನು ಆಗಾಗ ತೊಳೆಯುವ ಶ್ರಮವಂತೂ ತಪ್ಪದು. ಕಟ್ಟಿಕೊಂಡ ಫಿಲ್ಟರ್ ಗಾಜಿನಷ್ಟೇ ಕೆಟ್ಟದ್ದು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಕೋಣೆಯೇ ನಲವತ್ತು ಡಿಗ್ರಿ ಮುಟ್ಟಿದಾಗ ಯಾವ ಫ್ಯಾನೂ ಒಳಗನ್ನು ಅದಕ್ಕಿಂತ ತಣ್ಣಗೆ ಮಾಡಲಾರದು. ಅಂಥಲ್ಲಿ ಹರಿವಿನಲ್ಲಿ ಉಳಿಸಿದ ಒಂದೊಂದು ಡಿಗ್ರಿಯೂ ಲೆಕ್ಕಕ್ಕೆ ಬರುತ್ತದೆ.

ಗಾಜೆಲ್ಲ ತಪ್ಪು ಎಂದು ನಾನು ಹೇಳುತ್ತಿಲ್ಲ. ಲಿಯಾನ್ ಲಿಯ ಒ11 ಡೈನಾಮಿಕ್‌ಗೆ ಮುಂದೆಯೂ ಪಕ್ಕದಲ್ಲೂ ಗಾಜಿದೆ, ಆದರೆ ಇನ್ನೊಂದು ಪಕ್ಕದಿಂದ ಮತ್ತು ತಳದಿಂದ ಗಾಳಿಗೆ ಧಾರಾಳ ದಾರಿಯಿದೆ. ನಾನು ಒಪ್ಪದಿರುವುದು ಗಾಜಿನ ಮುಖಕ್ಕೆ ಅಂಟಿಕೊಂಡಂತೆ ಮೂರು ಬಣ್ಣದ ಫ್ಯಾನ್ ಕೂರಿಸಿ ಅದನ್ನೇ 'ಏರ್‌ಫ್ಲೋ' ಎಂದು ಮಾರುವ ಅಗ್ಗದ ಪೆಟ್ಟಿಗೆಗಳನ್ನು. ಮೊದಲ ಬಾರಿ ದುಡ್ಡು ಕೂಡಿಸಿ ಯಂತ್ರ ಕಟ್ಟಿಸಿಕೊಳ್ಳುವ ವಿದ್ಯಾರ್ಥಿಗಳೇ ಇವನ್ನು ಹೆಚ್ಚು ಕೊಳ್ಳುತ್ತಾರೆ ಎಂಬುದು ನನಗೆ ಬೇಸರದ ಸಂಗತಿ.

ಹೊಸ ಫ್ಯಾನಿಗೆ ಹಣ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಭಾರವಾದ ಆಟವೊಂದನ್ನು ಅರ್ಧ ಗಂಟೆ ಓಡಿಸಿ ಉಷ್ಣತೆ ಬರೆದಿಟ್ಟುಕೊಳ್ಳಿ. ಪಕ್ಕದ ಹಲಗೆ ತೆಗೆದು ಮತ್ತೆ ಓಡಿಸಿ. ಐದು ಡಿಗ್ರಿಗಿಂತ ಹೆಚ್ಚು ಇಳಿದರೆ ಉಸಿರು ಕಟ್ಟಿರುವುದು ಪೆಟ್ಟಿಗೆಗೆ. ಅದಕ್ಕೆ ಫ್ಯಾನ್ ಸೇರಿಸಬೇಡಿ, ಮುಂಭಾಗ ಜಾಲರಿಯಿರುವ ಕ್ಯಾಬಿನೆಟ್ ಕೊಳ್ಳಿ. ಏನೂ ಇಳಿಯದಿದ್ದರೆ ಕ್ಯಾಬಿನೆಟ್ ಸರಿಯಿದೆ, ಕೂಲರ್ ಕಡೆ ನೋಡಿ. ಟೊರೆಂಟ್‌ನ ಬೆಲೆ ಎಲ್ಲರ ಕೈಗೆ ಎಟುಕುವಂಥದ್ದಲ್ಲ. ಮುಂದೆ ಜಾಲರಿಯ ಹಿಂದೆ 140 ಮಿ.ಮೀ.ನ ಎರಡು, ಹಿಂದೆ 120ರ ಒಂದು, ಇಷ್ಟಿದ್ದರೆ ಹೆಚ್ಚಿನ ಮನೆಗಳ ಡೆಸ್ಕ್‌ಟಾಪಿಗೆ ಸಾಕು.