ಎಂಜಿನ್ ದೀಪಕ್ಕೆ ಉತ್ತರ ಕೊಡುವ ಕೋಡ್ ರೀಡರ್

ಡ್ಯಾಶ್‌ಬೋರ್ಡಿನ ಎಂಜಿನ್ ದೀಪ ಹೊತ್ತಿಕೊಂಡರೆ ಎಂಥವರ ಎದೆಯೂ ಧಸಕ್ಕೆನ್ನುತ್ತದೆ. ಏನೋ ಕೆಟ್ಟಿದೆ ಎನ್ನುವ ಆ ದೀಪ, ಏನು ಕೆಟ್ಟಿದೆಯೆಂದು ಹೇಳುವುದಿಲ್ಲ. ಅದನ್ನು ತಿಳಿಸುವುದು ಅಂಗೈಯಲ್ಲಿ ಹಿಡಿಸುವ ಕೋಡ್ ರೀಡರ್.

ಸ್ಟೇರಿಂಗ್ ಕೆಳಗಿನ 16 ಪಿನ್ನುಗಳ ಸಾಕೆಟ್ಟಿಗೆ ಇದನ್ನು ಸಿಕ್ಕಿಸಿ ಕೀಲಿ ತಿರುಗಿಸಿದರೆ ಸಾಕು. ಈ ಸಾಕೆಟ್ ಒಬಿಡಿ-2 ಎಂಬ ದೋಷಪತ್ತೆ ವ್ಯವಸ್ಥೆಯ ಭಾಗ. ಅಮೆರಿಕದಲ್ಲಿ 1996ರ ಮಾದರಿಗಳಿಂದ ಕಡ್ಡಾಯವಾದ ಈ ವ್ಯವಸ್ಥೆ ನಮ್ಮ ಬಿಎಸ್-6 ಕಾರುಗಳಲ್ಲೂ ಇದೆ.

ಪರದೆಯ ಮೇಲೆ 'ಪಿ0301' ಎಂದು ಬಂತೆನ್ನಿ. 'ಪಿ' ಅಂದರೆ ಎಂಜಿನ್ ಮತ್ತು ಗೇರ್ ವಿಭಾಗ. ಸೊನ್ನೆ ಎಂದರೆ ಎಲ್ಲ ಕಂಪನಿಗಳಿಗೂ ಒಂದೇ ಅರ್ಥದ ಕೋಡ್. 3 ಎಂದರೆ ಇಗ್ನಿಷನ್ ಅಥವಾ ಮಿಸ್‌ಫೈರ್, ಅಂದರೆ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದಿರುವುದು. 01 ಎಂದರೆ ಮೊದಲನೇ ಸಿಲಿಂಡರ್. ಐದೇ ಅಕ್ಷರಗಳಲ್ಲಿ ಇಷ್ಟು ವಿವರ! ಈ ಅಚ್ಚುಕಟ್ಟುತನಕ್ಕೆ ನಾನು ಮನಸೋತಿದ್ದೇನೆ.

ಆದರೆ ಕೋಡ್ ತೋರಿಸುವುದು ಲಕ್ಷಣವನ್ನು, ಕಾರಣವನ್ನಲ್ಲ. ಮೊದಲ ಸಿಲಿಂಡರಿನ ಇಗ್ನಿಷನ್ ಕಾಯಿಲನ್ನು ಎರಡನೆಯದಕ್ಕೆ ಬದಲಿಸಿ ನೋಡಬೇಕು. ಕೋಡ್ 'ಪಿ0302' ಆದರೆ ದೋಷ ಕಾಯಿಲಿನದು. ಬದಲಾಗದಿದ್ದರೆ ಸ್ಪಾರ್ಕ್ ಪ್ಲಗ್, ಇಂಜೆಕ್ಟರ್‌ಗಳತ್ತ ಗಮನ ಹರಿಸಬೇಕು. ಹಾಗೆಯೇ, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುವ 'ಪಿ0420' ಬಂದೊಡನೆ ಆ ದುಬಾರಿ ಭಾಗವನ್ನು ಬದಲಿಸಬೇಕಿಲ್ಲ. ಆಕ್ಸಿಜನ್ ಸೆನ್ಸರ್ ಕೆಟ್ಟಿರಬಹುದು, ಹೊಗೆ ಕೊಳವೆ ಸೋರುತ್ತಿರಬಹುದು.

ದೀಪ ಮಿಟುಕುತ್ತಿದ್ದರೆ ಮಾತ್ರ ಕಾರನ್ನು ಓಡಿಸಬೇಡಿ. ತೀವ್ರ ಮಿಸ್‌ಫೈರ್ ಕನ್ವರ್ಟರನ್ನೇ ಸುಟ್ಟುಬಿಡಬಲ್ಲದು. ಉಳಿದಂತೆ, ಕೋಡನ್ನು ಬರೆದಿಟ್ಟುಕೊಳ್ಳದೆ ಅಳಿಸಬೇಡಿ. ಆ ಚೀಟಿ ಹಿಡಿದು ಗ್ಯಾರೇಜಿಗೆ ಹೋಗಿ; ಮೆಕ್ಯಾನಿಕ್ ಜೊತೆ ತಿಳಿದು ಮಾತಾಡಬಹುದು.